ಹಿತ್ತಲಲ್ಲಿ ಮುಗಿಯುತ್ತಿದ್ದ ಮೊಂಬಾಸಾ

ನಮ್ಮ ಚಿಕ್ಕಪ್ಪನ ಚಪ್ಪಲಿ ಎಲ್ಲರದರಂತೆ ಹಿಮ್ಮಡಿಯಲ್ಲಿ ಸವೆಯುತ್ತಿರಲಿಲ್ಲ, ಬೆರಳ ಕಡೆ ಸವೆಯುತ್ತಿತ್ತು. ಅವರು ಹಿಂದಕ್ಕೆ ನಡೆಯುತ್ತಿದ್ದರು. ತಮಾಷೆಗಲ್ಲ. ಜೊತೆಯವರ ಮುಖ ನೋಡುತ್ತಾ, ಬಲಗೈಯನ್ನು ಕಿವಿಯ ಮಟ್ಟಕ್ಕೆ ಎತ್ತಿ, ಹೋಗಬೇಕಾದ ದಿಕ್ಕಿಗೆ ಬೆನ್ನು ಮಾಡಿಕೊಂಡು ನಡೆಯುವುದು. ರಾಜಾಜಿನಗರದ ನಮ್ಮ ಬೀದಿಯಲ್ಲಿ ಆಗ ಜಲ್ಲಿ ರಾಶಿ, ತೆರೆದ ಚರಂಡಿ, ಅಡ್ಡ ಮಲಗಿದ ಎಮ್ಮೆ ಎಲ್ಲ ಇದ್ದವು. ಒಂದಕ್ಕಾದರೂ ತಾಗುತ್ತಿದ್ದರಾ ಅಂದರೆ, ಊಹೂಂ. ಬೀದಿಯವರು ಮೊದಮೊದಲು ನಕ್ಕರು, ಆಮೇಲೆ ಅವರ ಹಿಂದೆ ಹೊರಟರು.

ಅದು ಗೈಡುಗಳ ನಡಿಗೆ. ಚಿಕ್ಕಪ್ಪ ಇಪ್ಪತ್ತನೇ ವಯಸ್ಸಿನಲ್ಲಿ ಚಿಕ್ಕಪೇಟೆಯ ಬಟ್ಟೆ ವ್ಯಾಪಾರಿಯೊಬ್ಬರ ಜೊತೆ ಆಫ್ರಿಕಾದ ಮೊಂಬಾಸಾಕ್ಕೆ ಹೋದವರು. ಆ ಅಂಗಡಿ ಮುಚ್ಚಿಹೋಯಿತು. ಇವರು ವಾಪಸು ಬರದೆ ಬಂದರಿನ ದಾರಿ ಹಿಡಿದರು. ಬೊಂಬಾಯಿಯಿಂದ ಬರುವ ಹಡಗುಗಳು ಅಲ್ಲಿ ಅರ್ಧ ದಿನ ನಿಲ್ಲುತ್ತಿದ್ದವಂತೆ. ಇಳಿದ ಪ್ರಯಾಣಿಕರಿಗೆ ಹಳೇ ಪೇಟೆ ಸುತ್ತಿಸಿ, ಹಡಗು ಕೂಗುವುದರೊಳಗೆ ಮೆಟ್ಟಿಲ ಹತ್ತಿರ ತಂದು ಬಿಡುವುದು ಇವರ ಕೆಲಸ. ಹದಿನೆಂಟು ವರ್ಷ ಅದನ್ನೇ ಮಾಡಿದರು. ಆಮೇಲೆ ಆ ದೇಶಕ್ಕೆ ಸ್ವಾತಂತ್ರ್ಯ ಬಂತು, ಹೊರಗಿನವರಿಗೆ ಪರ್ಮಿಟ್ಟು ಬೇಕು ಅಂದರು, ಇವರಿಗೆ ಸಿಗಲಿಲ್ಲ. ಎಪ್ಪತ್ತರ ದಶಕದ ಶುರುವಿನಲ್ಲಿ ಒಂದು ತಗಡಿನ ಟ್ರಂಕು ಹಿಡಿದುಕೊಂಡು ನಮ್ಮ ಮನೆಗೆ ಬಂದರು. ‘ಆರು ತಿಂಗಳು ಅಣ್ಣ, ಅಷ್ಟರಲ್ಲಿ ಏನಾದ್ರೂ ದಾರಿಯಾಗತ್ತೆ’ ಅಂದರು ಅಪ್ಪನಿಗೆ.

ಕಾಮಾಕ್ಷಿಪಾಳ್ಯದ ಒಂದು ಲೇತ್ ವರ್ಕ್‌ಶಾಪಿನಲ್ಲಿ ಬಿಲ್ಲು ಬರೆಯುವ ಕೆಲಸ ಸಿಕ್ಕಿತು. ಐದು ಭಾಷೆ ಬರುವ ಮನುಷ್ಯ ಇಡೀ ದಿನ ಬೋಲ್ಟು ನಟ್ಟು ಅಂತ ಬರೆಯಬೇಕು. ಭಾನುವಾರ ಮಾತ್ರ ಅವರು ಅವರಾಗುತ್ತಿದ್ದರು. ಸಂಜೆ ನಾಲ್ಕಕ್ಕೆ ಗೇಟಿನ ಹತ್ತಿರ ನಿಂತು ಎರಡು ಸ್ಟೀಲು ಲೋಟವನ್ನು ಒಂದಕ್ಕೊಂದು ತಾಗಿಸಿ ಟಿಣ್ ಟಿಣ್ ಅನ್ನಿಸುವರು. ಮೊಂಬಾಸಾದಲ್ಲಿ ಬೀದಿ ಬೀದಿ ತಿರುಗಿ ಕಾಫಿ ಮಾರುವವರು ಹಾಗೇ ಸದ್ದು ಮಾಡುತ್ತಾರಂತೆ. ನಾಲ್ಕಾರು ಜನ ರಿಟೈರಾದವರು, ಅವರ ಮೊಮ್ಮಕ್ಕಳು, ನಾನು, ನನ್ನ ಟೈಪಿಂಗ್ ಕ್ಲಾಸಿನ ಗೆಳತಿಯರು, ಎಲ್ಲ ಸೇರುತ್ತಿದ್ದೆವು. ‘ಬನ್ನಿ, ಹತ್ರ ಹತ್ರ ಬನ್ನಿ. ಹಡಗಿಗೆ ಇನ್ನೂ ಟೈಮಿದೆ’ ಅಂತ ಹಿಂದಕ್ಕೆ ಹೆಜ್ಜೆ ಇಡುವರು.

ನೀರಿನ ಟ್ಯಾಂಕು ಪೋರ್ಚುಗೀಸರ ಕೋಟೆ. ‘ಗೋಡೆ ಮುಟ್ಟಿ ನೋಡಿ, ಹವಳದ ಕಲ್ಲು. ಸಮುದ್ರದಿಂದಲೇ ತೆಗೆದದ್ದು.’ ನಾವು ಸಿಮೆಂಟು ಮುಟ್ಟಿ ತಲೆಯಾಡಿಸುವುದು. ಸೌದೆ ಡಿಪೋ ಹಾಯಿಹಡಗುಗಳ ಬಂದರು. ಅಲ್ಲಿಯ ಹಡಗುಗಳಲ್ಲೂ ಮರದ ಗಳುಗಳನ್ನೇ ತುಂಬಿ ಅರಬ್ ದೇಶಕ್ಕೆ ಕಳಿಸುತ್ತಿದ್ದರಂತೆ, ವಾಸನೆ ಥೇಟ್ ಹೀಗೇ ಅಂತ. ಡಿಪೋದಾಚೆ, ಮಾಗಡಿ ರಸ್ತೆ ದಾಟಿದರೆ ಬರೀ ಬಯಲು, ಅದು ಸಮುದ್ರ. ಮೆಣಸಿನಪುಡಿ ಮಾಡುವ ಗಿರಣಿಯ ಮುಂದೆ ನಿಲ್ಲಿಸಿ, ಎಲ್ಲರೂ ಸೀನುವವರೆಗೆ ಕಾದು, ‘ಇದು ಸಾಂಬಾರ ಪದಾರ್ಥದ ಪೇಟೆ’ ಅನ್ನುವರು. ಮನೆಮುಂದಿನ ಜಗಲಿಗಳನ್ನು ತೋರಿಸಿ, ‘ಅಲ್ಲೂ ಹೀಗೇ ಕಲ್ಲು ಜಗಲಿ, ಅಲ್ಲೂ ಹೀಗೇ ಗಂಡಸರು ಕೂತು ಊರವರ ಮನೆ ಸುದ್ದಿ ಮಾತಾಡ್ತಾರೆ’ ಅಂದಾಗ ಜಗಲಿಯವರಿಗೇ ನಗು ತಡೆಯುತ್ತಿರಲಿಲ್ಲ.

ಎಲ್ಲ ಸುತ್ತಿ ಕೊನೆಗೆ ನಮ್ಮ ಮನೆಯ ಹಿತ್ತಲಿಗೇ ಬರುವುದು. ಹಿತ್ತಲಲ್ಲಿ ಒಂದು ರೂಮಿತ್ತು, ಚಿಕ್ಕಪ್ಪ ಮಲಗುತ್ತಿದ್ದದ್ದು ಅಲ್ಲೇ. ಆ ರೂಮಿನ ಬರೀ ಹಲಗೆ ಬಾಗಿಲೇ ಅಲ್ಲಿಯ ಕೆತ್ತನೆಯ ಬಾಗಿಲು. ‘ಇಲ್ಲಿ ಎರಡು ನಿಮಿಷ. ಈ ಮನೆಯಾಕೆ ನೀರು ಕೊಡ್ತಾಳೆ. ಕುಡಿದವರು ಥ್ಯಾಂಕ್ಸ್ ಅನ್ನಬಾರದು. ಇನ್ನೊಂದ್ಸಲ ಬರ್ತೀನಿ ಅನ್ನಬೇಕು.’ ನಾನು ಚೊಂಬಿನಲ್ಲಿ ನೀರು ತಂದು ಕೊಡುತ್ತಿದ್ದೆ. ಎಲ್ಲರೂ ಕುಡಿದು, ‘ಇನ್ನೊಂದ್ಸಲ ಬರ್ತೀವಮ್ಮಾ’ ಅಂತ ಬಾಗಿಲಿಗೇ ಹೇಳಿ ಹೋಗುವರು. ಪ್ರವಾಸ ಅಲ್ಲಿಗೆ ಮುಗಿಯಿತು.

ಒಂದು ಭಾನುವಾರ ಎಲ್ಲರೂ ಹೋದ ಮೇಲೆ ಕೇಳಿದೆ: ‘ಚಿಕ್ಕಪ್ಪ, ಕೋಟೆ ಸರಿ, ಬಂದರು ಸರಿ. ಯಾರದೋ ಮನೇಲಿ ನೀರು ಕುಡಿಯೋದು ಯಾಕೆ ತೋರಿಸ್ತೀರಿ?’

ಅವರು ಟ್ರಂಕಿನಿಂದ ಒಂದು ಫೋಟೋ ತೆಗೆದು ಕೊಟ್ಟರು. ದಪ್ಪ ಮರದ ಬಾಗಿಲು, ಸಾಲಾಗಿ ಹಿತ್ತಾಳೆ ಮೊಳೆ. ಮುಂದೆ ನಗುತ್ತಾ ನಿಂತ ಹೆಂಗಸು, ಕಪ್ಪು ಬಟ್ಟೆ ತಲೆಯಿಂದ ಕಾಲವರೆಗೆ. ಪಕ್ಕದಲ್ಲಿ ಹತ್ತು ವರ್ಷದ ಹುಡುಗಿ. ಹುಡುಗಿಯ ಮುಖದಲ್ಲಿ ನಮ್ಮಜ್ಜಿಯ ಮೂಗು!

‘ಯಾರದೋ ಅಲ್ಲ ಕಣಮ್ಮ, ನಂದೇ ಮನೆ. ಜನ ಸುತ್ತಿ ಸುತ್ತಿ ದಣಿದಿರೋರು, ಅವಳು ನೀರು ಕೊಡೋಳು. ಅಲ್ಲಿಂದ ಹೊರಡೋವಾಗ ನಾನೂ ಬರ್ತೀನಿ ಅಂದೆ. ನಮ್ಮಲ್ಲಿ ಯಾರು ಎಲ್ಲಿಗೆ ಹೋದ್ರೂ ಬರ್ತೀನಿ ಅಂತಾನೇ ಹೋಗ್ತೀವಿ. ಅವಳು ಅದನ್ನ ಹಾಗೇ ನಂಬ್ಕೊಂಡಿದಾಳೆ.’

ಬಂದ ವಾರದಲ್ಲೇ ಚಿಕ್ಕಪ್ಪ ಇದನ್ನು ಅಪ್ಪನಿಗೆ ಹೇಳಿದ್ದರಂತೆ. ಅಮ್ಮನಿಗೂ ಗೊತ್ತಿತ್ತು. ನನಗೊಬ್ಬಳಿಗೆ ಗೊತ್ತಿರಲಿಲ್ಲ, ಆದರೆ ಎಲ್ಲವೂ ನಿಂತಿದ್ದದ್ದು ನನ್ನ ಮೇಲೆ. ಅಪ್ಪ ಅವರಿಗೆ ಕೊಟ್ಟ ಮಾತು ಇಷ್ಟು: ‘ನೋಡಪ್ಪಾ, ಮೊದಲು ಇವಳದ್ದೊಂದು ಮದುವೆ ಮುಗೀಲಿ. ಆಮೇಲೆ ಹಿತ್ತಲ ರೂಮು ನಿಂದೇ. ಹೆಂಡ್ತಿ ಮಗಳನ್ನ ಕರೆಸ್ಕೊ. ಈಗ ಬಾಯಿಬಿಟ್ಟೆ ಅಂದ್ರೆ ಈ ಹುಡುಗೀನ ಯಾರೂ ಮಾಡ್ಕೊಳಲ್ಲ.’ ಲಿಂಗಾಯತರ ಮನೆ, ಹೆಂಡತಿ ಸಾಬರವಳು, ಅದೂ ಆಫ್ರಿಕಾದವಳು. ಅಪ್ಪ ಹೆದರಿದ್ದರಲ್ಲಿ ಆಶ್ಚರ್ಯವೇನಿಲ್ಲ. ಚಿಕ್ಕಪ್ಪ ಒಂದೇ ಒಂದು ಸಲ ಎದುರಾಡಿದ್ದರಂತೆ: ‘ಅವರೂ ಹೂಳ್ತಾರೆ, ನಾವೂ ಹೂಳ್ತೀವಿ ಅಣ್ಣ. ಕೊನೇಗೆ ಎಲ್ಲ ಒಂದೇ ಮಣ್ಣು ಅಂದ್ಮೇಲೆ ಮಧ್ಯದಲ್ಲಿ ಏನಿದು?’

ಅಲ್ಲಿಂದ ನನ್ನ ಮದುವೆಗೆ ನನಗಿಂತ ಚಿಕ್ಕಪ್ಪನೇ ಹೆಚ್ಚು ಕಾದರು. ರೂಮಿಗೆ ತಾವೇ ಸುಣ್ಣ ಹೊಡೆದರು. ಬಾಗಿಲಿಗೆ ಹಿತ್ತಾಳೆ ತಲೆಯ ಮೊಳೆ ತಂದು ಸಾಲು ಸಾಲಾಗಿ ಹೊಡೆದರು, ಫೋಟೋದಲ್ಲಿದ್ದ ಹಾಗೆ. ಗಂಡಿನವರು ಬಂದು ಹೋದಾಗಲೆಲ್ಲ ಅಪ್ಪನಿಗಿಂತ ಮೊದಲು ಅವರು ಗೇಟಿನಲ್ಲಿ ಪೋಸ್ಟ್‌ಮ್ಯಾನ್ ಕಾಯುವರು. ನಾನು ಕಪ್ಪು. ಬಣ್ಣ ಕಮ್ಮಿಯಾಯಿತು ಅಂತ ನಾಲ್ಕು ಕಡೆಯವರು ಬೇಡ ಅಂದರು. ಪ್ರತಿ ಸಲವೂ ನಾನು ಒಳಗೆ ಹೋಗಿ ಅತ್ತೆ, ಅವರು ಹಿತ್ತಲಿಗೆ ಹೋಗಿ ನಿಂತರು. ಅಪ್ಪ ಕೊಟ್ಟಿದ್ದ ಮಾತು ಆಗ ನನಗೆ ತಿಳಿದಿರಲಿಲ್ಲ, ಅವರು ನನಗೋಸ್ಕರ ಬೇಜಾರಾಗಿದ್ದಾರೆ ಅಂದುಕೊಂಡಿದ್ದೆ ನೋಡಿ, ಎಂಥ ದಡ್ಡಿ ನಾನು.

ಇದರ ಮಧ್ಯೆ ಒಂದು ಪಾರ್ಸಲ್ಲು ಬಂತು. ಬಿಚ್ಚಿದರೆ ಒಂದೇ ಒಂದು ಬಟ್ಟೆ. ಎರಡು ಗಜದಷ್ಟಿರಬಹುದು. ಕೆಂಪು, ಕಪ್ಪು, ಬಿಳಿ. ಸುತ್ತ ಅಗಲವಾದ ಅಂಚು, ನಡುವೆ ಗೇರುಹಣ್ಣಿನ ಆಕಾರ. ಕೆಳಗಿನ ಅಂಚಿನ ಮೇಲೆ ಇಂಗ್ಲಿಷ್ ಅಕ್ಷರದಲ್ಲಿ ಒಂದು ಸಾಲು, ಮಾತು ಮಾತ್ರ ಇಂಗ್ಲಿಷಲ್ಲ. ಒಂದು ಬದಿಗೆ ಮಡಿಸಿ ಹೊಲಿದಿರಲಿಲ್ಲ, ಕತ್ತರಿಸಿ ಹಾಗೇ ಬಿಟ್ಟಿತ್ತು.

ಅಪ್ಪ ಬಿನ್ನಿಪೇಟೆಯ ಮಿಲ್ಲಿನವರು. ಜೀವಮಾನವೆಲ್ಲ ಬಟ್ಟೆ ಮಡಿಸಿ, ಕೊನೆಯಲ್ಲಿ ಮಿಲ್ಲಿನ ಮುದ್ರೆ ಬಿದ್ದಿದೆಯಾ ಅಂತ ನೋಡಿ ಹೊರಗೆ ಕಳಿಸಿದವರು. ಬಟ್ಟೆಯನ್ನು ಹೆಬ್ಬೆರಳಲ್ಲಿ ಉಜ್ಜಿದರು, ಬೆಳಕಿಗೆ ಹಿಡಿದರು, ಬರಹ ನೋಡಿದರು. ‘ನೂಲು ಪರವಾಗಿಲ್ಲ. ಇದು ಮಿಲ್ಲಿನ ಹೆಸರು. ಒಂದು ಕಡೆ ಕತ್ತರಿಸಿದಾರೆ ನೋಡು, ಕಟ್‌ಪೀಸು’ ಅಂತ ತೀರ್ಪು ಕೊಟ್ಟರು. ಬಟ್ಟೆ ವಿಷಯದಲ್ಲಿ ನಮ್ಮ ಮನೆಯಲ್ಲಿ ಅಪ್ಪನ ಮಾತಿಗೆ ಎದುರು ಮಾತಿಲ್ಲ.

‘ಯಾರಪ್ಪಾ ಕಳಿಸಿದ್ದು?’ ಅಂದರು ಅಮ್ಮ.

‘ಅಲ್ಲಿಯೋರು, ಪರಿಚಯದೋರು ಅತ್ತಿಗೆ’ ಅಂದರು ಚಿಕ್ಕಪ್ಪ, ನೆಲ ನೋಡುತ್ತಾ.

‘ಚೆನ್ನಾಗಿದೆ. ಅಡುಗೆಮನೆ ಬಾಗಿಲಿಗೆ ಪರದೆ ಇಲ್ಲ, ಇದೇ ಆಗತ್ತೆ.’

ಹೆಂಡತಿ ಕಳಿಸಿದ್ದು ಅಂತ ಚಿಕ್ಕಪ್ಪ ಅಣ್ಣ ಅತ್ತಿಗೆ ಮುಂದೆ ಹೇಳುವುದು ಹೇಗೆ! ನಮ್ಮ ಮನೆಗಳಲ್ಲಿ ಗಂಡಸರು ಹೆಂಡತಿಯ ಹೆಸರನ್ನೇ ಹಿರಿಯರ ಮುಂದೆ ಹೇಳುತ್ತಿರಲಿಲ್ಲ. ಅದು ಅವಳು ಕಳಿಸಿದ್ದು ಅಂತ ಅಮ್ಮನಿಗೆ ನಿಜವಾಗಲೂ ತಿಳಿದಿರಲಿಲ್ಲವೋ, ತಿಳಿದೇ ನೇತು ಹಾಕಿದರೋ, ಇವತ್ತಿಗೂ ನನಗೆ ಅನುಮಾನ. ಅಂತೂ ಆ ಬಟ್ಟೆ ರಿಂಗು ಹೊಲಿಸಿಕೊಂಡು ಅಡುಗೆಮನೆ ಬಾಗಿಲಲ್ಲಿ ತೂಗಿತು. ನಾವೆಲ್ಲ ಎಣ್ಣೆ ಕೈ, ಹಿಟ್ಟಿನ ಕೈಯಲ್ಲೇ ಸರಿಸಿಕೊಂಡು ಓಡಾಡಿದೆವು. ಚಿಕ್ಕಪ್ಪ ಮಾತ್ರ ಊಟಕ್ಕೆ ಬರುವಾಗ ಕೈ ಒರೆಸಿಕೊಂಡು, ಅಂಚನ್ನು ಎರಡು ಬೆರಳಲ್ಲಿ ಹಿಡಿದು, ಮೆಲ್ಲಗೆ ಪಕ್ಕಕ್ಕೆ ಸರಿಸಿ ಒಳಗೆ ಬರುವರು.

ಐದನೆಯ ಗಂಡು ವಿಜಯನಗರದವರು. ಬ್ಯಾಂಕಿನ ಕೆಲಸ, ಸ್ವಂತ ಮನೆ. ಇದೂ ತಪ್ಪಿದರೆ ನನಗೆ ಇನ್ನು ಮದುವೆಯಿಲ್ಲ ಅಂತ ಮನೆಯಲ್ಲಿ ಎಲ್ಲರೂ ತೀರ್ಮಾನ ಮಾಡಿಬಿಟ್ಟಿದ್ದರು, ನಾನೂ ಸೇರಿ. ಅವರು ಬರುವ ದಿನ ಬೆಳಿಗ್ಗೆ ಅಮ್ಮ ಕೇಸರಿಬಾತಿಗೆ ರವೆ ಹುರಿಯುತ್ತಿದ್ದರು. ನಾನು ಹಿತ್ತಲಿಗೆ ಹೋಗಿ ಚಿಕ್ಕಪ್ಪನಿಗೆ ಹೇಳಿದೆ. ಅಪ್ಪ ಹೇಳಿಸಿದ್ದಲ್ಲ, ಅಮ್ಮ ಹೇಳಿಸಿದ್ದಲ್ಲ. ನಾನೇ ಹೇಳಿದ್ದು.

‘ಚಿಕ್ಕಪ್ಪ, ಅವರೇನಾದ್ರೂ ಮೊಂಬಾಸಾ ತೋರಿಸಿ ಅಂದ್ರೆ ತೋರಿಸಿ. ಆದ್ರೆ ಈ ಬಾಗಿಲ ಹತ್ರ ಇವತ್ತು ನಿಲ್ಲಬೇಡಿ.’

ಅವರು ಬಾಗಿಲ ಮೇಲಿನ ಒಂದು ಮೊಳೆಯನ್ನು ಬೆರಳಲ್ಲಿ ಸವರುತ್ತಾ ಇದ್ದರು. ‘ಆಯ್ತಮ್ಮ’ ಅಂದರು.

ಹಾಗೇ ಆಯಿತು. ಉಪ್ಪಿಟ್ಟು ತಿನ್ನುತ್ತಾ ಗಂಡಿನ ಸೋದರಮಾವ, ‘ಓಹೋ, ನೀವು ಆಫ್ರಿಕಾದಲ್ಲಿದ್ರಂತೆ! ನಮಗೂ ಒಂದು ರೌಂಡು ಹೊಡೆಸಿ’ ಅಂದರು. ಚಿಕ್ಕಪ್ಪ ಎದ್ದರು. ಅವತ್ತಿನಷ್ಟು ಚೆನ್ನಾಗಿ ಅವರು ಎಂದೂ ಮಾಡಿರಲಿಲ್ಲ. ನಡುಮನೆಯಲ್ಲೇ ಕೋಟೆ ಕಟ್ಟಿದರು, ವರಾಂಡದಲ್ಲಿ ಹಡಗು ನಿಲ್ಲಿಸಿದರು, ಲೋಟ ಟಿಣ್ ಅನ್ನಿಸಿ ಕಾಫಿ ಮಾರಿದರು. ಗಂಡಿನವರು ಹೊಟ್ಟೆ ಹಿಡಿದುಕೊಂಡು ನಕ್ಕರು. ಚಿಕ್ಕಪ್ಪ ಹಿಂದಕ್ಕೆ ನಡೆಯುತ್ತಾ ಕಾಂಪೌಂಡಿನ ಪಕ್ಕದಿಂದ ಹಿತ್ತಲಿಗೆ ಬಂದರು. ನಾನು ಕಿಟಕಿಯಿಂದ ನೋಡುತ್ತಿದ್ದೆ. ಬಾಗಿಲು ಬಂತು. ಅವರು ನಿಲ್ಲಲಿಲ್ಲ. ‘ಇಲ್ಲಿಗೆ ಊರು ಮುಗೀತು ಸಾರ್. ಹಡಗು ಕೂಗ್ತಾ ಇದೆ, ಹೊರಡೋಣ’ ಅಂದು ತಿರುಗಿ, ಎಲ್ಲರಂತೆ ಮುಂದಕ್ಕೆ ನಡೆದುಬಿಟ್ಟರು. ಅಲ್ಲಿ, ಆ ಹೆಜ್ಜೆಯಲ್ಲಿ, ಮೊದಲ ಸಲ ಎಡವಿದರು. ಬಾವಿಕಟ್ಟೆ ಹಿಡಿದುಕೊಂಡು ಸುಧಾರಿಸಿಕೊಂಡರು.

ಒಳಗೆ ಬಂದ ಮೇಲೆ ಸೋದರಮಾವನ ಕಣ್ಣು ಪರದೆಯ ಮೇಲೆ ಬಿತ್ತು. ‘ಇದೂ ಅಲ್ಲೀದೇನಾ? ಏನು ಬರೆದಿದೆ ಅದರ ಮೇಲೆ?’

ಅಪ್ಪ ಉತ್ತರ ಕೊಡುವುದರೊಳಗೆ ಚಿಕ್ಕಪ್ಪ ಹೇಳಿದರು. ‘ಮಿಲ್ಲಿನ ಹೆಸರು ಸಾರ್.’

‘ನಾನು ನೋಡಿದ ಕೂಡಲೇ ಹೇಳಿದ್ದೆ’ ಅಂತ ಅಪ್ಪ ಹೆಮ್ಮೆಯಿಂದ ನಕ್ಕರು. ನಾನೂ ಕಾಫಿ ತಟ್ಟೆ ಹಿಡಿದುಕೊಂಡು ಆ ಪರದೆ ಸರಿಸಿಯೇ ಹೊರಗೆ ಬಂದೆ. ಮದುವೆ ಗೊತ್ತಾಯಿತು.

ಆಮೇಲೆ ಏನಾಯಿತು ಅಂತ ಹೇಳಲು ನನಗೆ ನಾಲಿಗೆ ಏಳುವುದಿಲ್ಲ, ಆದರೂ ಹೇಳುತ್ತೇನೆ. ಮದುವೆಯಾದ ಮೇಲೆ ಅಪ್ಪ, ‘ಈಗಲೇ ಬೇಡ, ಬೀಗರು ಹೊಸಬರು, ಇವಳಿಗೊಂದು ಮಗು ಆಗ್ಲಿ’ ಅಂದರು. ಮಗು ಆಯಿತು. ‘ಇನ್ನೊಂದು ವರ್ಷ ತಡಿ’ ಅಂದರು. ಆ ವರ್ಷವೇ ಹಿತ್ತಲ ರೂಮನ್ನು ಬಾಡಿಗೆಗೆ ಕೊಟ್ಟರು. ಬಂದವರು ಹಿತ್ತಾಳೆ ಮೊಳೆಗಳಿಗೆ ಟವೆಲ್ಲು, ಚೀಲ ನೇತು ಹಾಕಿಕೊಂಡರು. ಚಿಕ್ಕಪ್ಪನ ಮಂಚ ವರಾಂಡಕ್ಕೆ ಬಂತು. ಭಾನುವಾರದ ಲೋಟದ ಸದ್ದು ಗಂಡಿನವರು ನನ್ನನ್ನು ನೋಡಿ ಹೋದ ದಿನವೇ ನಿಂತಿತ್ತು. ಕೇಳಿದವರಿಗೆ ‘ಮರೆತುಹೋಗಿದೆ’ ಅನ್ನುತ್ತಿದ್ದರಂತೆ.

ಒಂದು ಮಧ್ಯಾಹ್ನ ರಾಜಾಜಿನಗರದಿಂದ ನಡೆದುಕೊಂಡೇ ವಿಜಯನಗರದ ನಮ್ಮ ಮನೆಗೆ ಬಂದರು. ಗೇಟಿನ ಆಚೆಯೇ ನಿಂತರು. ಒಳಗೆ ಬನ್ನಿ ಅಂದರೆ ಬೇಡ ಅಂದರು.

‘ನೀನೊಂದು ಮಾತು ಹೇಳು ನಿಮ್ಮಪ್ಪಂಗೆ. ನಿನ್ನ ಮಾತು ಕೇಳ್ತಾನೆ ಅವನು. ಹುಡುಗಿ ದೊಡ್ಡೋಳಾಗಿದಾಳೆ ಅಂತ ಬರೆದಿದಾಳೆ ಅವಳು. ರೂಮು ಬೇಡ, ಬೇರೆ ಕಡೆ ಮನೆ ಮಾಡ್ತೀನಿ. ನಮ್ಮೋರೇ ಅಂತ ಒಂದ್ಸಲ ಬೀದೀಲಿ ಹೇಳ್ಲಿ ಸಾಕು.’

ನನಗೆ ಬಾಯಿ ಜಾಸ್ತಿ ಅಂತ ಎಲ್ಲರೂ ಹೇಳುತ್ತಾರೆ. ಗಂಡ ಹೇಳುತ್ತಿದ್ದರು, ಸೊಸೆ ಹೇಳುತ್ತಾಳೆ, ತರಕಾರಿಯವನೂ ಹೇಳುತ್ತಾನೆ. ಅವತ್ತು ಆ ಬಾಯಿ ಎಲ್ಲಿ ಸತ್ತಿತ್ತೋ! ಹಿಂದೆ ತಿರುಗಿ ನೋಡಿದೆ. ನಮ್ಮತ್ತೆ ನಡುಮನೆಯಲ್ಲಿ ಅವರೆಕಾಯಿ ಸುಲಿಯುತ್ತಾ ಕಿವಿ ಇತ್ತ ಇಟ್ಟಿದ್ದರು.

‘ಆಮೇಲೆ ನೋಡೋಣ ಚಿಕ್ಕಪ್ಪ’ ಅಂದೆ. ಅಪ್ಪನ ಮಾತೇ, ಅಪ್ಪನ ದನಿಯೇ.

ಅವರು ತಲೆಯಾಡಿಸಿದರು. ‘ಸ್ವಲ್ಪ ನೀರು ಕೊಡಮ್ಮ’ ಅಂದರು. ಕೊಟ್ಟೆ. ಎತ್ತಿ ಕುಡಿದು ಲೋಟ ಕೈಗೆ ಕೊಟ್ಟು, ‘ಇನ್ನೊಂದ್ಸಲ ಬರ್ತೀನಿ’ ಅಂದು ಹೊರಟರು. ಬೀದಿಯ ತುದಿಯವರೆಗೂ ನೋಡಿದೆ. ಅವರು ಮುಂದಕ್ಕೇ ನಡೆಯುತ್ತಿದ್ದರು, ಯಾವ ಗುಮಾಸ್ತನಾದರೂ ನಡೆಯುವ ಹಾಗೆ. ಮತ್ತೆ ನನ್ನ ಮನೆಗೆ ಬರಲಿಲ್ಲ.

ದಶಕ ಮುಗಿಯುವ ಹೊತ್ತಿಗೆ ಅವರ ಎದೆ ಸೋತಿತ್ತು. ನೋಡಲು ಹೋದೆ. ವರಾಂಡದ ಮಂಚದ ಮೇಲೆ ಗೋಡೆಗೊರಗಿ ಕೂತಿದ್ದರು. ಅಡುಗೆಮನೆ ಬಾಗಿಲಿಗೆ ಪ್ಲಾಸ್ಟಿಕ್ ಮಣಿಯ ಹೊಸ ಪರದೆ ಬಂದಿತ್ತು. ನಾನು ಮಾತಿಗೆ ಅಂತ ಕೇಳಿದೆ, ‘ಆ ಹಳೇ ಪರದೆ ಮೇಲೆ ನಿಜವಾಗ್ಲೂ ಏನು ಬರೆದಿತ್ತು ಚಿಕ್ಕಪ್ಪ?’

‘ನಾನು ನಿನ್ನ ಮರೆತಿಲ್ಲ, ನೀನೂ ಮರೀಬೇಡ’ ಅಂದರು. ಸ್ವಲ್ಪ ಉಸಿರು ತೆಗೆದುಕೊಂಡು, ‘ಅದು ಕಟ್‌ಪೀಸಲ್ಲ. ಆ ಬಟ್ಟೆ ಜೋಡೀಲೇ ಬರೋದು, ಕತ್ತರಿಸಿ ಎರಡು ಮಾಡ್ಕೋಬೇಕು. ಇನ್ನೊಂದು ಅವಳ ಹತ್ರ ಇದೆ.’

‘ಹಾಗಾದ್ರೆ ಅವತ್ತು ಗಂಡಿನವರ ಮುಂದೆ ಮಿಲ್ಲಿನ ಹೆಸರು ಅಂತ...’ ಅಂದೆ.

‘ಇನ್ನೇನು ಹೇಳ್ಲಿ ಕಣಮ್ಮ? ನಿನ್ನ ಮದುವೆ ಆಗ್ಬೇಕಾಗಿತ್ತಲ್ಲ’ ಅಂದರು. ಕೋಪವಿರಲಿಲ್ಲ ಅವರಿಗೆ. ಒಂದಿಷ್ಟು ಬೈದಿದ್ದರೆ ನಾನು ಬದುಕಿಕೊಳ್ಳುತ್ತಿದ್ದೆ.

ಹದಿನೈದು ದಿನಕ್ಕೆ ಹೋದರು. ಹಣೆಗೆ ವಿಭೂತಿ ಹಚ್ಚಿ, ಎಡಗೈಯಲ್ಲಿ ಲಿಂಗ ಇಟ್ಟು, ಕೂರಿಸಿ ಮಣ್ಣು ಮಾಡಿದರು. ಎಲ್ಲ ಶಾಸ್ತ್ರವೂ ಕ್ರಮವಾಗಿ ನಡೆಯಿತು. ಮೊಂಬಾಸಾಕ್ಕೆ ಒಂದು ಕಾಗದ ಹಾಕಬೇಕು ಅಂತ ಯಾರಿಗೂ ಹೊಳೆಯಲಿಲ್ಲ. ಸುಳ್ಳು, ಎಲ್ಲರಿಗೂ ಹೊಳೆದಿತ್ತು.

ಕೆಲವು ತಿಂಗಳ ಮೇಲೆ ಅಲ್ಲಿಂದಲೇ ಕಾಗದ ಬಂತು, ಮಗಳ ಅಕ್ಷರದಲ್ಲಿ, ಇಂಗ್ಲಿಷಿನಲ್ಲಿ. ಅಪ್ಪ ಅದನ್ನು ನನ್ನ ಕೈಗೆ ಕೊಟ್ಟು, ‘ಎರಡು ಸಾಲು ಬರೆದು ಹಾಕು, ಜಾಸ್ತಿ ಬರೀಬೇಡ’ ಅಂದರು. ಕಾಗದದಲ್ಲಿ ಇದ್ದದ್ದೂ ನಾಲ್ಕೇ ಸಾಲು. ತನ್ನ ಅಪ್ಪನಿಂದ ಕಾಗದವಿಲ್ಲ. ಅವರು ಇಲ್ಲವಾಗಿದ್ದರೆ ದಯವಿಟ್ಟು ತಿಳಿಸಿ. ಹಾಗಿದ್ದ ಪಕ್ಷಕ್ಕೆ ಅಮ್ಮ ಕಳಿಸಿದ್ದ ಬಟ್ಟೆಯನ್ನು ವಾಪಸು ಕಳಿಸಿಕೊಡಿ. ತನ್ನ ಹತ್ತಿರ ಇರುವುದರ ಜೊತೆ ಸೇರಿಸಿ ಹೊಲಿದು ಇಟ್ಟುಕೊಳ್ಳಬೇಕು ಅಂತ ಅಮ್ಮನ ಆಸೆ.

ನಮ್ಮಮ್ಮನನ್ನು ಕೇಳಿದೆ, ಆ ಪರದೆ ಎಲ್ಲಿ ಅಂತ. ‘ಅಯ್ಯೋ, ಬಣ್ಣ ಹೋಗಿತ್ತು, ಹರಿದು ಒರೆಸೋ ಬಟ್ಟೆ ಮಾಡ್ದೆ’ ಅಂದರು. ಇಡೀ ಮನೆ ಹುಡುಕಿದೆ. ಒಂದು ತುಂಡು ಒರಳುಕಲ್ಲಿನ ಹತ್ತಿರ, ಒಂದು ಸೀಮೆಎಣ್ಣೆ ಸ್ಟೌವಿನ ಕೆಳಗೆ, ಕಪ್ಪಾಗಿ. ಅಂಚಿನ ಪಟ್ಟಿ ಮಾತ್ರ ಒಂದು ಗೇಣು ಉಳಿದಿತ್ತು, ಉಪ್ಪಿನಕಾಯಿ ಜಾಡಿಯ ಬಾಯಿಗೆ ಕಟ್ಟಿ. ಬಿಚ್ಚಿಕೊಂಡೆ. ಅದರ ಮೇಲೆ ಆ ಸಾಲಿನ ಅರ್ಧ ಇತ್ತು.

ಉತ್ತರ ಬರೆಯಲು ಕೂತೆ. ‘ನಿಮ್ಮ ತಂದೆ ತೀರಿಕೊಂಡರು’ ಅನ್ನುವವರೆಗೆ ಪೆನ್ನು ಓಡಿತು. ಬಟ್ಟೆಯ ವಿಷಯಕ್ಕೆ ಬಂದಾಗ ನಿಂತಿತು. ಕಳೆದುಹೋಯಿತು ಅಂತ ಬರೆಯಲೇ? ಜೊತೆಗೇ ಮಣ್ಣು ಮಾಡಿದೆವು ಅಂತ ಸುಳ್ಳು ಬರೆಯಲೇ? ನಾಳೆ ಬರೆದರಾಯಿತು ಅಂತ ಎತ್ತಿಟ್ಟೆ. ಆ ನಾಳೆ ಬರಲೇ ಇಲ್ಲ. ಆ ಹೆಂಗಸು ಎಷ್ಟು ವರ್ಷ ಬಾಗಿಲು ನೋಡಿಕೊಂಡು ಕೂತಿದ್ದಳೋ, ನನಗೆ ಗೊತ್ತಿಲ್ಲ.

ಆ ಅಂಚು ಈಗಲೂ ನನ್ನ ಬೀರುವಿನಲ್ಲಿದೆ. ಎಷ್ಟು ಒಗೆದರೂ ಉಪ್ಪಿನಕಾಯಿಯ ವಾಸನೆ ಹೋಗಿಲ್ಲ. ‘ನಾನು ನಿನ್ನ ಮರೆತಿಲ್ಲ’ ಅನ್ನುವ ಅರ್ಧವೋ, ‘ನೀನೂ ಮರೀಬೇಡ’ ಅನ್ನುವ ಅರ್ಧವೋ ತಿಳಿಯದು. ಮೊಮ್ಮಗಳ ಕೈಗೆ ಕೊಟ್ಟರೆ ಫೋನಿನಲ್ಲಿ ಹಾಕಿ ಒಂದು ಕ್ಷಣದಲ್ಲಿ ಹೇಳುತ್ತಾಳೆ. ನಾನು ಕೊಟ್ಟಿಲ್ಲ. ಎರಡರಲ್ಲಿ ಯಾವುದಾದರೂ ಅದನ್ನು ಕೇಳುವ ಮುಖ ನನಗಿಲ್ಲ.